ಒಲೆ ಕೊಂಡವರಿಗೆ ಬೆಂಕಿ ಕಲಿಸುವವರು ಯಾರು?

1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ತೈಲ ಕೊಡುವುದನ್ನು ನಿಲ್ಲಿಸಿದಾಗ ಅಮೆರಿಕದ ಉತ್ತರದ ರಾಜ್ಯಗಳ ಜನ ಮನೆ ಬೆಚ್ಚಗಿಡಲು ಮತ್ತೆ ಕಾಡಿನ ಕಡೆ ತಿರುಗಿದರು. ತೈಲ, ಅನಿಲಗಳಿಗೆ ಒಗ್ಗಿಹೋಗಿದ್ದ ಮನೆಗಳಿಗೆ ಕಬ್ಬಿಣದ ಸೌದೆ ಒಲೆಗಳು ಬಂದವು. ಎಲ್ಲೂ ಬಿರುಕಿಲ್ಲದಂತೆ ಬೆಸೆದು, ಬಾಗಿಲು ಬಿಗಿಯಾಗಿ ಕೂರುವಂತೆ ಮಾಡಿದ ಒಲೆಗಳು. ಮಾರುವವರು ಅವುಗಳ ದೊಡ್ಡ ಗುಣವೆಂದು ಹೊಗಳಿದ್ದು ಇದನ್ನು: ಮಲಗುವ ಮುಂಚೆ ಒಲೆಯ ತುಂಬ ಸೌದೆ ಒಟ್ಟಿ ಗಾಳಿಯ ಕಿಂಡಿ ಮುಚ್ಚಿದರೆ ಬೆಳಗಿನವರೆಗೂ ಕೆಂಡ ಉಳಿಯುತ್ತದೆ. ಲಕ್ಷಾಂತರ ಮನೆಗಳಲ್ಲಿ ಜನ ಹಾಗೆಯೇ ಮಾಡಿದರು. ಕೆಲವೇ ವರ್ಷಗಳಲ್ಲಿ ಚಳಿಗಾಲದ ಬೆಳಗುಗಳಲ್ಲಿ ಕಣಿವೆಯ ಊರುಗಳು ಹೊಗೆಯ ಕೆಳಗೆ ಮುಳುಗಿದವು.

ಸರ್ಕಾರಗಳು ಎಚ್ಚೆತ್ತವು. ಒಲೆಯ ಹೊಗೆಗೆ ಕಾನೂನಿನ ಮಿತಿ ಹಾಕಿದ ಮೊದಲ ರಾಜ್ಯ ಓರೆಗಾನ್, 1983ರಲ್ಲಿ. 1988ರಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಇಡೀ ದೇಶಕ್ಕೆ ನಿಯಮ ತಂದಿತು. 1990ರ ಹೊತ್ತಿಗೆ ಸಾಮಾನ್ಯ ಒಲೆಯೊಂದು ಗಂಟೆಗೆ 7.5 ಗ್ರಾಂಗಿಂತ ಹೆಚ್ಚು ಕಣಗಳನ್ನು ಉಗುಳಬಾರದು ಎಂದಾಯಿತು. 2020ರಿಂದ ಆ ಮಿತಿ 2 ಗ್ರಾಂ. ಸೀಳಿದ ಸೌದೆಯಲ್ಲೇ ಪರೀಕ್ಷಿಸಿದ್ದಾದರೆ 2.5 ಗ್ರಾಂ. ಯುರೋಪಿನಲ್ಲೂ 2022ರಿಂದ ಇಂಥದೇ ಬಿಗಿ ನಿಯಮ ಜಾರಿಯಲ್ಲಿದೆ. ಹೀಗೆ ಅಂಕಿ ಇಳಿದಂತೆಲ್ಲ ಒಂದು ನಂಬಿಕೆ ಬಲಿಯುತ್ತ ಬಂತು. ಹೊಗೆ ಒಲೆಯ ದೋಷ, ಒಲೆ ಬದಲಿಸಿದರೆ ದೋಷ ಪರಿಹಾರ, ಉಳಿದಂತೆ ಬೆಂಕಿ ಹಚ್ಚುವುದು ಮನುಷ್ಯನಿಗೆ ಹುಟ್ಟಿನಿಂದಲೇ ಬಂದ ವಿದ್ಯೆ. ಒಲೆ ಮಾಡುವ ಕಂಪನಿಗಳು ಇದನ್ನೇ ಹೇಳುತ್ತವೆ, ಸಹಾಯಧನ ಕೊಡುವ ಇಲಾಖೆಗಳು ಇದನ್ನೇ ನಂಬುತ್ತವೆ. ಸೌದೆ ಒಲೆಯನ್ನೇ ನಿಷೇಧಿಸಬೇಕೆನ್ನುವವರೂ ಎಣಿಸುವುದು ಮನೆಯಲ್ಲಿ ಒಲೆ ಇದೆಯೇ ಇಲ್ಲವೇ ಎಂಬುದನ್ನು ಮಾತ್ರ. ಅದನ್ನು ಹೇಗೆ ಉರಿಸುತ್ತಾರೆ ಎಂದು ಅವರೂ ಕೇಳುವುದಿಲ್ಲ.

ಈ ನಂಬಿಕೆ ತಪ್ಪು, ಮತ್ತು ಇದರಿಂದ ಕೆಡುಕಾಗುತ್ತಿದೆ. ಮನೆ ಬೆಚ್ಚಗಿಡುವ ಬೆಂಕಿ ಕಲಿತು ಬರಬೇಕಾದ ಕೆಲಸ. ಕಲಿಯದವರ ಕೈಯಲ್ಲಿ ಅತ್ಯುತ್ತಮ ಒಲೆಯೂ ಹೊಗೆಯ ಗೂಡಾಗುತ್ತದೆ. ಕಬ್ಬಿಣಕ್ಕೆ ಕೋಟಿಗಟ್ಟಲೆ ಸುರಿದು ಕಲಿಕೆಗೆ ಕಾಸು ಬಿಚ್ಚದ ನೀತಿಯಿಂದಾಗಿ ಮಕ್ಕಳು, ಮುದುಕರು, ಉಬ್ಬಸದವರು ಕುಡಿಯಬಾರದ ಗಾಳಿ ಕುಡಿಯುತ್ತಿದ್ದಾರೆ.

ಒಲೆಯೊಳಗೆ ಆಗುವುದೇನು ಎಂಬಲ್ಲಿಂದಲೇ ನೋಡಬೇಕು. ಸೌದೆ ಕಾದಾಗ ಅದರ ಒಣ ತೂಕದ ಐದರಲ್ಲಿ ಸುಮಾರು ನಾಲ್ಕು ಪಾಲು ಅನಿಲವಾಗಿ ಹೊರಡುತ್ತದೆ; ಉಳಿಯುವುದು ಇದ್ದಿಲು, ಒಂದು ಚಿಟಿಕೆ ಬೂದಿ. ಕಣ್ಣಿಗೆ ಕಾಣುವ ಹಳದಿ ಜ್ವಾಲೆಯೆಲ್ಲ ಆ ಅನಿಲ ಉರಿಯುವುದೇ. ಸೌದೆಯ ಶಾಖದಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದೂ ಅದರಲ್ಲೇ. ಆದರೆ ಅದು ಪೂರ್ತಿ ಉರಿಯಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು, ಹೊಸ ಗಾಳಿ ಬೇಕು, ಗಾಳಿಯೊಂದಿಗೆ ಬೆರೆಯಲು ಒಂದಿಷ್ಟು ಜಾಗವೂ ಹೊತ್ತೂ ಬೇಕು. ಮೂರರಲ್ಲಿ ಒಂದು ತಪ್ಪಿದರೂ ಅನಿಲ ಉರಿಯದೆ ಕೊಳವೆ ಹತ್ತುತ್ತದೆ. ಅದೇ ಹೊಗೆ. ಬೆಂಕಿಯಿಲ್ಲದೆ ಹೊಗೆಯಾಡದು ಎಂಬ ಗಾದೆಗೆ ಒಲೆಯ ಮುಂದೆ ಇನ್ನೊಂದು ಮಾತು ಸೇರಿಸಬೇಕಾಗುತ್ತದೆ: ಹೊಗೆ ದಟ್ಟವಾಗಿದ್ದರೆ ಬೆಂಕಿ ಸಾಲದು. ಕೊಳವೆ ಹತ್ತಿದ ಹೊಗೆ ತಣ್ಣನೆಯ ಗೋಡೆಗೆ ತಗುಲಿ ಕ್ರಿಯೋಸೋಟ್ ಎಂಬ ಕಪ್ಪು ಅಂಟಾಗಿ ಕೂರುತ್ತದೆ. ಒಂದು ದಿನ ಅದಕ್ಕೇ ಕಿಡಿ ಹತ್ತಿದರೆ ಕೊಳವೆಯೊಳಗಿನ ಬಿಸಿ ಸಾವಿರ ಡಿಗ್ರಿ ದಾಟುತ್ತದೆ. ಚಳಿ ದೇಶಗಳಲ್ಲಿ ಮನೆಗಳು ಸುಟ್ಟುಹೋಗುವ ದಾರಿಗಳಲ್ಲಿ ಇದೂ ಒಂದು.

ಹಸಿ ಸೌದೆಯ ವಿಷಯದಲ್ಲಂತೂ ಅರ್ಧ ತಿಳಿವಳಿಕೆಯೇ ಹೆಚ್ಚು ಹಾನಿ ಮಾಡಿದೆ. ಹಸಿ ಸೌದೆಯಲ್ಲಿ ಸ್ವಲ್ಪ ಶಾಖ ನಷ್ಟವಾಗುತ್ತದೆ, ಅಷ್ಟೇ ತಾನೇ ಎಂದು ಜನ ಭಾವಿಸುತ್ತಾರೆ. ಲೆಕ್ಕ ಹಾಕಿದರೆ ಹಾಗೆಯೇ ಕಾಣುತ್ತದೆ ಕೂಡ. ಆಗತಾನೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಅಂಥ ಹತ್ತು ಕಿಲೋ ಸೌದೆಯಲ್ಲಿ ಐದು ಕಿಲೋ ನೀರು, ಐದು ಕಿಲೋ ಮರ. ಆ ನೀರನ್ನು ಕಾಯಿಸಿ ಆವಿ ಮಾಡಲು ಸುಮಾರು 13 ಮೆಗಾಜೂಲ್ ಬೇಕು. ಮರದಿಂದ ಸಿಗುವುದು 90 ಮೆಗಾಜೂಲ್‌ಗೂ ಹೆಚ್ಚು. ಅಂದರೆ ಏಳರಲ್ಲೊಂದು ಪಾಲು ಮಾತ್ರ ನಷ್ಟ. ಹಾಗಿದ್ದರೆ ಹಸಿ ಸೌದೆ ಸುಟ್ಟ ಮನೆ ಏಕೆ ಬೆಚ್ಚಗಾಗುವುದಿಲ್ಲ? ನೀರು ಆವಿಯಾಗುತ್ತಿರುವಷ್ಟು ಹೊತ್ತೂ ಸೌದೆಯ ಸುತ್ತಲಿನ ಬಿಸಿ ಮೇಲೇಳುವುದಿಲ್ಲ. ಅನಿಲ ಹೊರಟಾಗ 600 ಡಿಗ್ರಿ ಅಲ್ಲಿರುವುದಿಲ್ಲ. ನೀರು ನೇರವಾಗಿ ಕದ್ದದ್ದು ಏಳನೇ ಒಂದು ಪಾಲಾದರೂ, ಅದು ತಣಿಸಿದ ಬೆಂಕಿಯಿಂದ ಉರಿಯದೆ ಪಾರಾದ ಅನಿಲದ ಪಾಲು ಅದಕ್ಕಿಂತ ಎಷ್ಟೋ ದೊಡ್ಡದು. ಈ ನಷ್ಟ ಯಾವ ಒಲೆಯ ಮೇಲಿನ ಚೀಟಿಯಲ್ಲೂ ಬರೆದಿರುವುದಿಲ್ಲ.

ಹಾಗಾಗಿ ಕಲಿಕೆ ಶುರುವಾಗುವುದು ಒಲೆಯ ಮುಂದಲ್ಲ, ಸೌದೆಯ ಒಟ್ಟಿಲಿನ ಮುಂದೆ. ಸೀಳದ ದಿಮ್ಮಿ ತೊಗಟೆಯೊಳಗೆ ವರ್ಷಗಟ್ಟಲೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ಸೀಳಿ, ನೆಲ ತಾಗದಂತೆ ಎತ್ತರಿಸಿ, ತಲೆಗೆ ಮಾತ್ರ ಮರೆ ಕೊಟ್ಟು, ಪಕ್ಕಗಳನ್ನು ಬಿಸಿಲಿಗೂ ಗಾಳಿಗೂ ಬಿಟ್ಟರೆ ಬರ್ಚ್‌ನಂಥ ಮರ ಒಂದು ಬೇಸಿಗೆ, ಹೆಚ್ಚೆಂದರೆ ಎರಡು ಬೇಸಿಗೆಯಲ್ಲಿ ಶೇ. 20ಕ್ಕಿಂತ ಕಡಿಮೆ ತೇವಕ್ಕೆ ಇಳಿಯುತ್ತದೆ. ಓಕ್‌ಗೆ ಎರಡು ವರ್ಷವೂ ಸಾಲದಿರಬಹುದು. ಇಡೀ ಒಟ್ಟಿಲಿಗೆ ಪ್ಲಾಸ್ಟಿಕ್ ಹೊದಿಸಿ ಕಾಪಾಡಿದೆವು ಎಂದುಕೊಳ್ಳುವವರು ಸೌದೆಯನ್ನು ಅದರದೇ ಬೆವರಿನಲ್ಲಿ ಕೊಳೆಸುತ್ತಾರೆ. ತೇವ ಅಳೆಯುವ ಪುಟ್ಟ ಯಂತ್ರವನ್ನು ಹೊರಮೈಗೆ ಚುಚ್ಚಿ ಒಣಗಿದೆ ಎಂದು ತೀರ್ಮಾನಿಸುವುದೂ ಸರಿಯಲ್ಲ. ತುಂಡನ್ನು ಮತ್ತೊಮ್ಮೆ ಸೀಳಿ ಒಳಮೈಯಲ್ಲಿ ಅಳೆಯಬೇಕು. ಮಲೆನಾಡಿನಲ್ಲಿ ಬಚ್ಚಲ ಹಂಡೆಗೆ ಉರಿ ಹಾಕುವ ಮನೆಗಳು ಮಳೆ ಹಿಡಿಯುವ ಮುಂಚೆಯೇ ಸೌದೆ ಕೊಟ್ಟಿಗೆ ತುಂಬಿಸಿಕೊಳ್ಳುವುದು ಇದೇ ತಿಳಿವಳಿಕೆಯಿಂದ. ಅಮೆರಿಕದ ನ್ಯೂ ಇಂಗ್ಲೆಂಡಿನ ಪಟ್ಟಣದಲ್ಲಿ ಅಕ್ಟೋಬರಿನಲ್ಲಿ ಹೊಸ ಒಲೆ ಕೊಂಡು, ಅದೇ ವಾರ ಲಾರಿಯಲ್ಲಿ ಸೌದೆ ತರಿಸುವ ಕುಟುಂಬಕ್ಕೆ ಇದನ್ನು ಹೇಳಿಕೊಟ್ಟವರಿಲ್ಲ.

ರಾತ್ರಿಯಿಡೀ ಹೊಗೆಯಾಡಿಸುವ ಬೆಂಕಿ ಮಿತವ್ಯಯ ಎಂಬ ಮಾತು ಐವತ್ತು ವರ್ಷಗಳಿಂದ ಸಾಯದೆ ಉಳಿದಿದೆ. ಒಟ್ಟಿದ ಸೌದೆ ಬೆಳಗಿನವರೆಗೆ ಬಂತು, ಆದ್ದರಿಂದ ಸೌದೆ ಉಳಿಯಿತು ಎಂಬುದು ಇದರ ತರ್ಕ. ಇಳಿದದ್ದು ಸೌದೆ ಖರ್ಚಾಗುವ ವೇಗ ಮಾತ್ರ. ಕಿಂಡಿ ಮುಚ್ಚಿದ ಒಲೆಯಲ್ಲಿ ಮರ ಬೇಯುತ್ತದೆ, ಅನಿಲ ಹೊರಡುತ್ತದೆ, ಉರಿಯಲು ಗಾಳಿಯಿಲ್ಲದೆ ಹಾಗೆಯೇ ಊರಿನ ಮೇಲೆ ಹರಡುತ್ತದೆ. ಶಾಖದ ದೊಡ್ಡ ಪಾಲು ಅದರ ಜೊತೆ ಹೋಗುತ್ತದೆ. ಅಳತೆ ಮೀರಿದ ಒಲೆ ಕೊಳ್ಳುವುದು ಈ ತಪ್ಪಿನ ಒಡಹುಟ್ಟು. 3 ಕಿಲೋವಾಟ್ ಸಾಕಾಗುವ ಕೋಣೆಗೆ 10 ಕಿಲೋವಾಟ್ ಒಲೆ ತಂದಿಟ್ಟರೆ ಸರಿಯಾಗಿ ಉರಿಸಿದ ಅರ್ಧ ಗಂಟೆಗೇ ಕೋಣೆಯಲ್ಲಿ ಕೂರಲಾಗುವುದಿಲ್ಲ. ಮನೆಯವರು ಕಿಂಡಿ ಮುಚ್ಚಿಯೇ ಬದುಕಬೇಕಾಗುತ್ತದೆ. ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆ ಒಳ್ಳೆಯ ಒಲೆಯಲ್ಲಿ ಸುಮಾರು 3 ಕಿಲೋವಾಟ್ ಗಂಟೆ ಶಾಖ ಕೊಡುತ್ತದೆ. ಕಡಿಮೆ ಶಾಖ ಬೇಕೆಂದರೆ ಸೌದೆ ಕಡಿಮೆ ಹಾಕಬೇಕು, ಗಾಳಿ ಕಡಿಮೆ ಮಾಡಬಾರದು. ಇಷ್ಟು ಸರಳವಾದ ಪಾಠ ಬಹುಪಾಲು ಮನೆಗಳಿಗೆ ತಲುಪಿಯೇ ಇಲ್ಲ.

ಬೆಂಕಿ ಹಚ್ಚುವ ಕ್ರಮವೂ ಹೀಗೆಯೇ. ಕೆಳಗೆ ಕಾಗದ, ಅದರ ಮೇಲೆ ಚಕ್ಕೆ, ಮೇಲೆ ದಪ್ಪ ಸೌದೆ ಇಟ್ಟು ತಳದಿಂದ ಹಚ್ಚುವುದು ಎಲ್ಲರಿಗೂ ಗೊತ್ತಿರುವ ದಾರಿ. ಹಾಗೆ ಹಚ್ಚಿದಾಗ ಮೇಲಿನ ಸೌದೆ ಕಾದು ಬಿಟ್ಟ ಅನಿಲ ಜ್ವಾಲೆಗೆ ಸಿಗದೆ ತಣ್ಣನೆಯ ಕೊಳವೆಗೆ ಹೋಗುತ್ತದೆ. ಸ್ವಿಟ್ಜರ್‌ಲ್ಯಾಂಡಿನಲ್ಲೂ ನಾರ್ವೆಯಲ್ಲೂ ಈಗ ಕಲಿಸುತ್ತಿರುವುದು ತಲೆಕೆಳಗಾದ ಕ್ರಮ: ದಪ್ಪ ಸೌದೆ ತಳದಲ್ಲಿ, ಚಕ್ಕೆ ಮೇಲೆ, ಕಡ್ಡಿ ಗೀರುವುದು ತುದಿಗೆ. ಉರಿ ಮೇಣದಬತ್ತಿಯಂತೆ ಕೆಳಗಿಳಿಯುತ್ತ ಬರುತ್ತದೆ. ಕೆಳಗಿನಿಂದ ಎದ್ದ ಅನಿಲ ಜ್ವಾಲೆಯ ಮೂಲಕವೇ ಹಾಯಬೇಕು. ಒಲೆ ಹಳೆಯದೇ, ಸೌದೆಯೂ ಅದೇ, ಹೊಗೆ ಮಾತ್ರ ಗಣನೀಯವಾಗಿ ಕಡಿಮೆ. ಇದಕ್ಕೆ ತಗಲುವ ಖರ್ಚು ಸೊನ್ನೆ. ಬಹುಶಃ ಅದಕ್ಕೇ ಇದನ್ನು ಯಾರೂ ಜಾಹೀರಾತಿನಲ್ಲಿ ಮಾರುವುದಿಲ್ಲ.

ಇನ್ನು ಪ್ರಮಾಣಪತ್ರದ ಮಾತು. ಇಪಿಎ ಪರೀಕ್ಷೆಗೆ ದಶಕಗಳ ಕಾಲ ಬಳಸಿದ್ದು ಕಾಡಿನಿಂದ ಬಂದ ಸೌದೆಯನ್ನಲ್ಲ; ಡಗ್ಲಸ್ ಫರ್ ಮರದ ಒಂದೇ ಅಳತೆಯ ಹಲಗೆ ತುಂಡುಗಳನ್ನು, ನಡುವೆ ಲೆಕ್ಕದ ಸಂದು ಬಿಟ್ಟು ಜೋಡಿಸಿ. ತೇವವೂ ನಿಗದಿತ. ಅಳೆಯಲು ಶುರು ಮಾಡುತ್ತಿದ್ದದ್ದು ಕೆಂಡದ ಹಾಸು ಸಿದ್ಧವಾದ ಮೇಲೆ. ಅಂದರೆ ತಣ್ಣನೆಯ ಒಲೆ ಹಚ್ಚುವಾಗ ಏಳುವ ಹೊಗೆ, ಅತಿ ಕೆಟ್ಟ ಹೊಗೆ, ಲೆಕ್ಕಕ್ಕೇ ಬರಲಿಲ್ಲ. 1998-99ರ ಚಳಿಗಾಲದಲ್ಲಿ ಓರೆಗಾನ್‌ನ ಕ್ಲಾಮತ್ ಫಾಲ್ಸ್ ಮತ್ತು ಪೋರ್ಟ್‌ಲ್ಯಾಂಡಿನ ಮನೆಗಳಲ್ಲಿ, ಪ್ರಮಾಣಪತ್ರ ಪಡೆದು ಕೆಲವು ವರ್ಷ ಬಳಕೆಯಾಗಿದ್ದ ಒಲೆಗಳನ್ನು ಅಳೆದಾಗ ಹೊಗೆ ಪತ್ರದಲ್ಲಿದ್ದ ಅಂಕಿಗಿಂತ ಹೆಚ್ಚಿತ್ತು. ಕೆಲವು ಒಲೆಗಳ ಬಾಗಿಲಿನ ಬಿಗಿ ಹೋಗಿತ್ತು, ಕೆಲವುಗಳ ಒಳಗಿನ ತಡೆಗಳು ಸೊಟ್ಟಗಾಗಿದ್ದವು. 2021ರಲ್ಲಿ ಅಮೆರಿಕದ ಈಶಾನ್ಯ ರಾಜ್ಯಗಳ ವಾಯು ಸಂಸ್ಥೆಗಳ ಒಕ್ಕೂಟ ಪ್ರಮಾಣಪತ್ರದ ವರದಿಗಳನ್ನು ಒಂದೊಂದಾಗಿ ಬಿಡಿಸಿ ಓದಿ ಇಡೀ ಪದ್ಧತಿಯ ದೋಷಗಳನ್ನು ಹೊರಗಿಟ್ಟಿತು. 2023ರಲ್ಲಿ ಇಪಿಎಯದೇ ಮಹಾ ತನಿಖಾಧಿಕಾರಿ ಕಚೇರಿ, ಒಲೆಗಳು ಗ್ರಾಹಕರ ಕೈ ಸೇರುವ ಮುಂಚೆ ಸರಿಯಾಗಿ ಪರೀಕ್ಷೆಗೊಳಗಾಗುತ್ತವೆ ಎಂದು ಭರವಸೆ ಇಡಲು ಈ ಕಾರ್ಯಕ್ರಮದಲ್ಲಿ ಸಾಕಷ್ಟು ಆಧಾರವಿಲ್ಲ ಎಂಬ ತೀರ್ಮಾನಕ್ಕೆ ಬಂತು. ಅದೇ ಪತ್ರದ ಆಧಾರದ ಮೇಲೆ ಸಹಾಯಧನ ಹಂಚಿಕೆಯಾಗುತ್ತಿತ್ತು.

ಒಲೆ ಬದಲಿಸಿದರೆ ಸಾಕು ಎನ್ನುವವರು ಎತ್ತಿ ತೋರಿಸುವ ಊರು ಲಿಬಿ. ಮೊಂಟಾನಾದ ಕಿರಿದಾದ ಕಣಿವೆಯ ಊರು. ಚಳಿಗಾಲದ ಸೂಕ್ಷ್ಮ ಕಣಗಳಲ್ಲಿ ಶೇ. 80ರಷ್ಟು ಸೌದೆ ಹೊಗೆಯದಾಗಿತ್ತು. 2005ರಿಂದ 2007ರ ನಡುವೆ ಅಲ್ಲಿ ಸಾವಿರಕ್ಕೂ ಹೆಚ್ಚು ಹಳೆಯ ಒಲೆಗಳನ್ನು ತೆಗೆದು ಹೊಸದನ್ನು ಹಾಕಿಕೊಟ್ಟರು. ಊರಿನ ಗಾಳಿಯಲ್ಲಿ ಚಳಿಗಾಲದ ಕಣಗಳು ಸುಮಾರು ಶೇ. 30 ಇಳಿದವು. ಇದು ನಿಜವಾದ ಗೆಲುವು, ಇದನ್ನು ಅಲ್ಲಗಳೆಯುವುದು ಅನ್ಯಾಯ. ಆದರೆ ಇದೇ ಗೆಲುವನ್ನು ಎರಡನೇ ಸಲ ಓದಬೇಕು. ಕಣಗಳ ಐದರಲ್ಲಿ ನಾಲ್ಕು ಪಾಲು ಒಲೆಗಳದಾಗಿದ್ದು, ಊರಿನ ಹಳೆಯ ಒಲೆಗಳನ್ನೆಲ್ಲ ಹುಡುಕಿ ಬದಲಿಸಿದ ಮೇಲೂ ಇಳಿದದ್ದು ಮೂರರಲ್ಲೊಂದು ಪಾಲಿಗಿಂತ ಕಡಿಮೆ. ಮನೆಗಳ ಒಳಗೆ ಅಳೆದ ಸಂಶೋಧಕರಿಗೆ ಸರಾಸರಿಯಲ್ಲಿ ದೊಡ್ಡ ಇಳಿಕೆ ಕಂಡರೂ ಮನೆಯಿಂದ ಮನೆಗೆ ವ್ಯತ್ಯಾಸ ಅಪಾರವಾಗಿತ್ತು. ಕೆಲವು ಮನೆಗಳಲ್ಲಿ ಸುಧಾರಣೆ ಉಳಿಯಲೇ ಇಲ್ಲ. ಊರು ಒಂದೇ, ಚಳಿ ಒಂದೇ, ಒಲೆಗಳೂ ಹೊಸವು. ಹಾಗಾದರೆ ಬೇರೆಯಾಗಿದ್ದದ್ದು ಬಹುಮಟ್ಟಿಗೆ ಸೌದೆ ಮತ್ತು ಅದನ್ನು ಹಾಕುವ ಕೈ.

ತಂತ್ರಜ್ಞಾನದ ಗೆಲುವೆಂದು ಹೇಳುವ ಹಳೆಯ ಕತೆಗಳೂ ಹತ್ತಿರ ಹೋಗಿ ನೋಡಿದರೆ ಕಲಿಕೆಯ ಕತೆಗಳೇ. ಸ್ವೀಡನ್ನಿನಲ್ಲಿ ತೆರೆದ ಅಗ್ಗಿಷ್ಟಿಕೆಗಳು ಕಾಡು ನುಂಗುತ್ತಿದ್ದ ಕಾಲದಲ್ಲಿ, 1767ರಲ್ಲಿ, ಸೌದೆ ಉಳಿಸುವ ಒಲೆಯನ್ನು ರೂಪಿಸುವಂತೆ ಆಡಳಿತ ಮಂಡಳಿ ಕಾರ್ಲ್ ಯೋಹಾನ್ ಕ್ರೋನ್‌ಸ್ಟೆಟ್ ಮತ್ತು ಫಾಬಿಯನ್ ವ್ರೇಡೆ ಎಂಬಿಬ್ಬರಿಗೆ ಹೇಳಿತು. ಅವರು ಕೊಟ್ಟದ್ದು ಹೆಂಚು ಹೊದಿಸಿದ ಎತ್ತರದ ಇಟ್ಟಿಗೆ ಒಲೆ. ಅದರೊಳಗೆ ಬಿಸಿ ಗಾಳಿ ಐದು ಕಾಲುವೆಗಳಲ್ಲಿ ಏರಿಳಿದು, ತನ್ನ ಶಾಖವನ್ನೆಲ್ಲ ಇಟ್ಟಿಗೆಗೆ ಒಪ್ಪಿಸಿ ಹೊರಗೆ ಹೋಗುತ್ತದೆ. ಒಂದೆರಡು ಗಂಟೆ ಜೋರಾಗಿ ಉರಿಸಿದರೆ ಸಾಕು, ಉಳಿದ ದಿನವಿಡೀ ಹೆಂಚು ಕೋಣೆಯನ್ನು ಬೆಚ್ಚಗಿಡುತ್ತದೆ. ಆ ಒಲೆಯ ಜೀವ ಇದ್ದದ್ದು ಕೊಳವೆಗೆ ಅಡ್ಡ ಹಾಕುವ ಒಂದು ತಗಡಿನಲ್ಲಿ. ಸೌದೆ ಕೆಂಡವಾದ ಮೇಲೆ ಅದನ್ನು ಮುಚ್ಚಬೇಕು. ತಡ ಮಾಡಿದರೆ ಇಟ್ಟಿಗೆಯ ಶಾಖ ಆಕಾಶಕ್ಕೆ ಹೋಗುತ್ತದೆ. ಕೆಂಡದ ಮೇಲೆ ಇನ್ನೂ ನೀಲಿ ಜ್ವಾಲೆ ಆಡುತ್ತಿರುವಾಗಲೇ ಮುಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ಕೋಣೆ ತುಂಬಿ ಮಲಗಿದವರು ಏಳುವುದಿಲ್ಲ. ಹಾಗೆ ಸತ್ತವರೂ ಇದ್ದಾರೆ. ಮನೆಮಂದಿ, ಕೆಲಸದವರು ಆ ಜ್ವಾಲೆಯ ಬಣ್ಣ ಓದಲು ಕಲಿತದ್ದರಿಂದ ಆ ಒಲೆ ಎರಡು ಶತಮಾನ ಬಾಳಿತು. ಕ್ರೋನ್‌ಸ್ಟೆಟ್‌ನ ನಕ್ಷೆ ಎಷ್ಟೇ ಚೆನ್ನಾಗಿದ್ದರೂ ತಗಡು ಯಾವಾಗ ಮುಚ್ಚಬೇಕೆಂದು ಅದು ಹೇಳುವಂತಿರಲಿಲ್ಲ.

ನಾರ್ವೆಯಲ್ಲಿ ಈ ತಿಳಿವಳಿಕೆ ಇನ್ನೂ ಜನರ ಮಾತಿನಲ್ಲಿದೆ. ಸೌದೆ ಕಡಿದು ಒಟ್ಟಿ ಒಣಗಿಸುವ ಬಗ್ಗೆ ಲಾರ್ಸ್ ಮಿಟ್ಟಿಂಗ್ 2011ರಲ್ಲಿ ಬರೆದ ಪುಸ್ತಕ ಅಲ್ಲಿ ಭಾರಿ ಮಾರಾಟ ಕಂಡಿತು. 2013ರ ಫೆಬ್ರುವರಿಯಲ್ಲಿ ಸರ್ಕಾರಿ ದೂರದರ್ಶನ ಸೌದೆಯ ಮೇಲೆಯೇ ಹನ್ನೆರಡು ಗಂಟೆಗಳ ಕಾರ್ಯಕ್ರಮ ಮಾಡಿದಾಗ, ಒಟ್ಟಿಲಿನಲ್ಲಿ ತೊಗಟೆ ಮೇಲಿರಬೇಕೋ ಕೆಳಗಿರಬೇಕೋ ಎಂಬುದಕ್ಕೆ ನೋಡುಗರು ಎರಡು ಪಕ್ಷವಾಗಿ ಆಕ್ಷೇಪ ಕಳಿಸಿದರು. ಹೊರಗಿನ ಪತ್ರಿಕೆಗಳು ಇದನ್ನು ನಗೆಯ ಸುದ್ದಿ ಮಾಡಿದವು. ಆದರೆ ತೊಗಟೆ ಯಾವ ಕಡೆಗಿರಬೇಕೆಂದು ವಾದಿಸುವ ಜನರಿರುವ ದೇಶ ಸೌದೆಯ ತೇವದ ಬಗ್ಗೆ ಯೋಚಿಸುತ್ತಿದೆ ಎಂದೇ ಅರ್ಥ. ಒಲೆಯ ಚರ್ಚೆ ಗಾಜಿನ ಬಾಗಿಲಿನ ಅಂದದಲ್ಲೇ ನಿಂತುಬಿಡುವ ಊರುಗಳಿಗೆ ಆ ಭಾಗ್ಯವಿಲ್ಲ.

ಭಾರತವೂ ಇದೇ ತಪ್ಪಿಗೆ ಬೆಲೆ ತೆತ್ತಿದೆ, ಅಡುಗೆ ಒಲೆಯ ವಿಷಯದಲ್ಲಿ. 1980ರ ದಶಕದಲ್ಲಿ ಶುರುವಾದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ 2002ರಲ್ಲಿ ಮುಗಿಯುವ ಹೊತ್ತಿಗೆ ಮೂರು ಕೋಟಿಗೂ ಹೆಚ್ಚು ಒಲೆಗಳನ್ನು ಹಂಚಿತ್ತು. ಗುರಿ ಇದ್ದದ್ದು ಎಷ್ಟು ಒಲೆ ಹಂಚಿದೆವು ಎಂಬುದಕ್ಕೆ. ಎಷ್ಟು ಒಲೆ ಸರಿಯಾಗಿ ಉರಿಯುತ್ತಿವೆ ಎಂದು ನೋಡುವುದು ಹಿಂದೆ ಉಳಿಯಿತು. ಮುಂದೆ ಅರ್ಥಶಾಸ್ತ್ರಜ್ಞರಾದ ರೇಮಾ ಹನ್ನಾ, ಎಸ್ತರ್ ಡಫ್ಲೋ, ಮೈಕೆಲ್ ಗ್ರೀನ್‌ಸ್ಟೋನ್ ಒಡಿಶಾದ ಹಳ್ಳಿಗಳಲ್ಲಿ ಇಂಥ ಒಲೆಗಳನ್ನು ನಾಲ್ಕು ವರ್ಷ ಗಮನಿಸಿದರು. ಮೊದಲ ವರ್ಷ ಅಡುಗೆ ಮಾಡುವವರ ಎದೆಗೆ ಹೋಗುವ ಹೊಗೆ ಇಳಿಯಿತು. ಆಮೇಲೆ ಆ ಲಾಭ ಕರಗಿಹೋಯಿತು. ಒಲೆಗಳನ್ನು ಬಿಟ್ಟು ಬಿಟ್ಟು ಬಳಸುತ್ತಿದ್ದರು, ಕೊಳವೆ ಗುಡಿಸುತ್ತಿರಲಿಲ್ಲ, ಒಡೆದದ್ದನ್ನು ಸರಿಪಡಿಸುತ್ತಿರಲಿಲ್ಲ. ಇದನ್ನು ಬಡವರ ಉದಾಸೀನ ಎಂದು ಓದಿದವರಿದ್ದಾರೆ. ಹಾಗೆ ಓದುವುದು ಕ್ರೂರ. ಒಲೆ ಕಟ್ಟಿಕೊಟ್ಟು ಹೋದವರು ಮತ್ತೆ ಮತ್ತೆ ಬಂದು ಕೈಹಿಡಿಯದಿದ್ದರೆ, ಹೊಲ, ಮನೆ, ಮಕ್ಕಳ ನಡುವೆ ಇರುವ ಹೆಂಗಸು ಕೊಳವೆಯ ಇಲ್ಲಣ ತೆಗೆಯುವ ಕೆಲಸವನ್ನು ಯಾವ ಬಿಡುವಿನಲ್ಲಿ ಕಲಿಯಬೇಕು?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ, ಹಳ್ಳಿಗಳಿಗೆ ತಂತ್ರಜ್ಞಾನ ಒದಗಿಸುವ ಅಸ್ತ್ರ ಕೇಂದ್ರಕ್ಕೆ ಈ ಸೂಕ್ಷ್ಮ ಗೊತ್ತಿತ್ತು. ಅಲ್ಲಿಂದ ಬಂದ ಅಸ್ತ್ರ ಒಲೆಯ ಸೊಗಸು ಇರುವುದು ಅದರ ಅಳತೆಗಳಲ್ಲಿ: ಜಾಲರಿಯ ಕೆಳಗಿನಿಂದ ಬರುವ ಗಾಳಿ, ಉರಿ ಹಾಯುವ ಸಂದು, ಕೊಳವೆಯ ಎತ್ತರ. ಒಂದು ಸಂದು ಅಗಲವಾದರೆ ಬಿಸಿ ನಿಲ್ಲದು, ಕಿರಿದಾದರೆ ಹೊಗೆ ಅಡುಗೆಮನೆಗೇ ಮರಳುತ್ತದೆ. ಆದ್ದರಿಂದ ಒಲೆ ಕಟ್ಟುವವರಿಗೆ ತರಬೇತಿ ಕೊಡುವುದು ಆ ಕೆಲಸದ ಭಾಗವೇ ಆಗಿತ್ತು. ಉದ್ದನೆಯ ಕೊಳ್ಳಿಯನ್ನು ಒಲೆಯ ಬಾಯಿಂದ ಹೊರಚಾಚಿ ಉರಿಸುವ ಹಳೆಯ ಅಭ್ಯಾಸ ಬಿಟ್ಟು ಸೌದೆಯನ್ನು ಚಿಕ್ಕದಾಗಿ ಸೀಳಿ ಹಾಕುವುದನ್ನು ಮನೆಯವರೂ ಕಲಿಯಬೇಕಿತ್ತು.

ಎದುರು ವಾದಗಳಲ್ಲಿ ಒಂದಕ್ಕೆ ಪೂರ್ತಿ ತಲೆಬಾಗಬೇಕು. ಎಷ್ಟೇ ಚೆನ್ನಾಗಿ ಉರಿಸಿದರೂ ಸೌದೆ ಒಲೆ ಒಂದಿಷ್ಟು ಸೂಕ್ಷ್ಮ ಕಣಗಳನ್ನು ಬಿಡುತ್ತದೆ. ಮನೆಗಳು ಒತ್ತಾಗಿರುವ, ತಣ್ಣನೆಯ ಗಾಳಿ ಅಲುಗಾಡದೆ ಕೂರುವ ಕಣಿವೆಗಳಲ್ಲಿ ಕಲಿಕೆಯೊಂದೇ ಸಾಲದು. ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ಲಾನ್ಸೆಸ್ಟನ್ ಊರು 2001ರಿಂದ ಜನರಿಗೆ ಹಣ ಕೊಟ್ಟು ಸೌದೆ ಒಲೆ ಬಿಡಿಸಿ ವಿದ್ಯುತ್ತಿಗೆ ತಂದಿತು. ಸೌದೆಯಿಂದ ಬೆಚ್ಚಗಾಗುವ ಮನೆಗಳು 2004ರ ಹೊತ್ತಿಗೆ ಶೇ. 66ರಿಂದ ಶೇ. 30ಕ್ಕೆ ಇಳಿದವು, ಚಳಿಗಾಲದಲ್ಲಿ ಹೃದಯ, ಶ್ವಾಸಕೋಶದ ಕಾಯಿಲೆಗಳಿಂದ ಸಾಯುವವರೂ ಕಡಿಮೆಯಾದರು. ಜಲವಿದ್ಯುತ್ ಹೇರಳವಾಗಿರುವ ದ್ವೀಪದಲ್ಲಿ ಅದೇ ಸರಿಯಾದ ದಾರಿ. ಆದರೆ ಹಿಮಗಾಳಿಗೆ ಕಂಬ ಉರುಳಿ ದಿನಗಟ್ಟಲೆ ಕರೆಂಟಿಲ್ಲದ ಹಳ್ಳಿಗೆ, ತೈಲ ಕೊಳ್ಳಲು ಕೈಯಲ್ಲಿ ಹಣವಿಲ್ಲದ ಮನೆಗೆ ಸೌದೆ ಬಿಡಿ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಅವರಿಗೆ ಸಲ್ಲಬೇಕಾದದ್ದು ವಿದ್ಯೆ.

ಜನ ಕಲಿಯುವುದಿಲ್ಲ, ಅದಕ್ಕೇ ಯಂತ್ರವನ್ನೇ ಸುಧಾರಿಸಬೇಕು ಎಂಬ ಇನ್ನೊಂದು ವಾದವನ್ನು ಮಾತ್ರ ಒಪ್ಪಲಾಗದು. ಕಲಿಸಿ ನೋಡಿದವರು ಆಡುವ ಮಾತಲ್ಲ ಅದು. ಜರ್ಮನಿಯಲ್ಲಿ 2010ರ ನಿಯಮದ ಪ್ರಕಾರ ಹೊಸದಾಗಿ ಸೌದೆ ಒಲೆ ಹೊಂದಿದವರಿಗೆ ಒಂದು ವರ್ಷದೊಳಗೆ ಚಿಮಣಿ ಗುಡಿಸುವ ವೃತ್ತಿಯವರಿಂದ ಸಲಹೆ ಸಿಗಲೇಬೇಕು: ಹೇಗೆ ಉರಿಸಬೇಕು, ಸೌದೆ ಹೇಗಿಡಬೇಕು, ಏನನ್ನು ಸುಡಬಾರದು. ಇಂಗ್ಲೆಂಡಿನಲ್ಲಿ 2021ರ ಮೇ ತಿಂಗಳಿನಿಂದ, ಎರಡು ಘನ ಮೀಟರ್‌ಗಿಂತ ಕಡಿಮೆ ಪ್ರಮಾಣದಲ್ಲಿ ಮಾರುವ ಸೌದೆಯ ತೇವ ಶೇ. 20 ದಾಟುವಂತಿಲ್ಲ. ಅದಕ್ಕಿಂತ ಹೆಚ್ಚು ಮಾರುವವರು ಹಸಿ ಸೌದೆ ಕೊಡುವುದಾದರೆ, ಒಣಗಿಸುವುದು ಹೇಗೆಂಬ ತಿಳಿವಳಿಕೆಯನ್ನೂ ಜೊತೆಗೆ ಕೊಡಬೇಕು. ಇವು ಚಿಕ್ಕ ನಿಯಮಗಳು, ಆದರೆ ಬೆಂಕಿ ಕಲಿಸುವುದು ಸಾರ್ವಜನಿಕ ಹೊಣೆ ಎಂದು ಒಪ್ಪಿಕೊಂಡ ನಿಯಮಗಳು.

ಒಲೆಗೆ ಸಹಾಯಧನ ಕೊಡುವ ಪ್ರತಿಯೊಂದು ಸರ್ಕಾರವೂ ಇಷ್ಟನ್ನಾದರೂ ಮಾಡಬಹುದು. ಹಣವನ್ನು ಅಕ್ಟೋಬರಿನಲ್ಲಿ ಕೊಡುವ ಬದಲು ಏಪ್ರಿಲ್‌ನಲ್ಲಿ ಕೊಡಲಿ, ಒಲೆ ಬರುವ ಮುಂಚೆ ಸೌದೆ ಒಂದು ಬೇಸಿಗೆಯನ್ನಾದರೂ ಕಾಣಲಿ. ಕೋಣೆಯ ಅಳತೆ ತೆಗೆಯದೆ ಒಲೆ ಮಾರಿದ ಅಂಗಡಿಗೆ ಆ ಹಣ ಸೇರದಿರಲಿ. ಅದರಲ್ಲೊಂದು ಪಾಲು ಸೌದೆ ಗೂಡಿನ ಮಾಡಿಗೆ, ತೇವದ ಮಾಪಕಕ್ಕೆ, ಮೊದಲ ಚಳಿಗಾಲದಲ್ಲಿ ಎರಡು ಸಲ ಮನೆಗೆ ಬಂದು ಒಲೆಯ ಮುಂದೆ ಕೂತು ಹಚ್ಚಿ ತೋರಿಸುವವರ ಸಂಬಳಕ್ಕೆ ಹೋಗಲಿ. ಎರಡನೇ ಭೇಟಿ ಜನವರಿಯಲ್ಲೇ ಆಗಬೇಕು: ಚಳಿ ಬಲಿತು, ಒಣಸೌದೆ ಮುಗಿಯುತ್ತ ಬಂದು, ಕಿಂಡಿ ಮುಚ್ಚಿ ಮಲಗುವ ಆಸೆ ಪ್ರತಿ ಮನೆಗೂ ಹುಟ್ಟುವ ತಿಂಗಳು ಅದು.